ಮೊದಲ ವಿಭೂತಿ ಗಾಡಿ ಹೊಡೆಯುವವರಿಗೆ

ಹಳಿಯಾಳ
೩ ಸೆಪ್ಟೆಂಬರ್ ೨೦೨೪

ಪೂರ್ಣಿಮಾಳ ಅಪ್ಪಾಜಿಗೆ ರಾಜಶ್ರೀಯ ಶರಣು.

ಭಾನುವಾರ ಫೋನಿನಲ್ಲಿ ನೀವು "ಡಿಸೆಂಬರದಾಗ ರಜಾ ಸಿಕ್ಕೈತಿ" ಎಂದಿರಿ. ಅತ್ತೆಯವರು ಎಂದಿನಂತೆ ಸ್ಪೀಕರ್ ಹಾಕಿದ್ದರು. ನನ್ನ ಕಿವಿಗೆ ಬೀಳುವ ಮೊದಲೇ ಆ ಸುದ್ದಿ ಓಣಿಯ ಕೊನೆಯ ಮನೆ ಮುಟ್ಟಿತು. ಸಂಜೆಯೊಳಗೆ ನಿಮ್ಮ ರಜೆಯನ್ನು ಊರು ಹಂಚಿಕೊಂಡೂ ಆಯಿತು. ಗೂಳಪ್ಪಣ್ಣನ ಮಗಳ ನಿಶ್ಚಯಕ್ಕೆ ಬೆಳಗಾವಿಗೆ ಗಾಡಿ ಹೊಡೆಯುವವರು ನೀವಂತೆ. ಮೇಲಿನ ಮನೆಯವರ ಬಾಣಂತಿಯನ್ನು ಕಲಘಟಗಿಯಿಂದ ಕರೆತರುವವರೂ ನೀವೇ ಅಂತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಗಂಡ-ಹೆಂಡತಿ ಫೋನಿನಲ್ಲಿ ಮಾತಾಡಿದರೆ ಅದು ಗ್ರಾಮಸಭೆ ಆಗುತ್ತದೆ. ಪೆನ್ನು ಹಿಡಿದರೆ ನನಗೆ ಶಾಲೆಯ ಕನ್ನಡ ಬರುತ್ತದೆ, ನಗಬೇಡಿ.

ಹೋದ ರಜೆಯಲ್ಲಿ ನೀವು ನಮ್ಮ ವ್ಯಾನಿನಲ್ಲಿ ಕೂತಷ್ಟು ಹೊತ್ತು ಮನೆಯ ಕಟ್ಟೆಯ ಮೇಲೆ ಕೂಡಲಿಲ್ಲ. ಮಿಲಿಟರಿಯಲ್ಲೂ ಡ್ರೈವರ್, ಊರಲ್ಲೂ ಡ್ರೈವರ್. ನೀವು ತಿರುಗಿ ಹೋದ ದಿನ ಪೂರ್ಣಿಮಾ ಕೇಳಿದಳು: "ಅವ್ವಾ, ಅಪ್ಪಾಜಿ ನಮ್ಮನಿಗೆ ಬರ್ತಾರೋ, ಊರಿಗೆ ಬರ್ತಾರೋ?" ಒಂಬತ್ತು ವರ್ಷದ ಹುಡುಗಿಗೆ ಏನು ಹೇಳಲಿ? ರೊಟ್ಟಿ ಸುಡುತ್ತೈತಿ ಅಂತ ನೆಪ ಹೇಳಿ ಒಳಗೆ ಹೋದೆ.

ಈ ಸಲ ನನಗೆ ನಾಲ್ಕು ದಿನ ಬೇಕು. ನೀವು, ನಾನು, ನಮ್ಮ ಕೂಸು ಪೂರ್ಣಿಮಾ, ಅತ್ತೆಯವರು. ದೂರ ಎಲ್ಲಿಗೂ ಬೇಡ. ನಮ್ಮ ಸಂಘದ ಹೆಂಗಸರು ಬಡಿದ ರೊಟ್ಟಿ ದಾಂಡೇಲಿಯ ಹೋಮ್‌ಸ್ಟೇಗಳಿಗೆ ಹೋಗುತ್ತದೆ. ಪುಣೆಯವರು, ಹೈದರಾಬಾದಿನವರು ನಮ್ಮ ರೊಟ್ಟಿ ಮುರಿದು, ಶೇಂಗಾ ಚಟ್ನಿ ನೆಕ್ಕಿ, ಕಾಳಿ ಹೊಳೆ ನೋಡಿ "ಇದಪಾ ಸ್ವರ್ಗ" ಎಂದು ಹೋಗುತ್ತಾರಂತೆ. ರೊಟ್ಟಿ ಬಡಿದವಳು ಮಾತ್ರ ಆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಒಂದು ಗಳಿಗೆ ಕೂತಿಲ್ಲ. ಇದು ಯಾವ ನ್ಯಾಯ?

ಅತ್ತೆಯವರಿಗೆ ಹೇಳಿದೆ. ಒಪ್ಪಿದ್ದಾರೆ, ಆದರೆ ಮನೆಯ ರಿವಾಜು ಬಿಡುವುದಿಲ್ಲ. ಎಲ್ಲಿಗೇ ತಿರುಗಲು ಹೋಗಲಿ, ಮೊದಲು ಉಳವಿ ಚನ್ನಬಸವಣ್ಣ. ಹೊರಡುವಾಗ ಮೊದಲು ಗಾಡಿಗೆ ವಿಭೂತಿ, ಮನುಷ್ಯರಲ್ಲಿ ಮೊದಲ ವಿಭೂತಿ ಗಾಡಿ ಹೊಡೆಯುವವನಿಗೆ. ಚಕ್ಕಡಿಯ ಕಾಲದಲ್ಲಿ ನಿಮ್ಮ ಅಜ್ಜನಿಗೆ ಹಚ್ಚುತ್ತಿದ್ದರಂತೆ, ಆಮೇಲೆ ಮಾವನವರಿಗೆ, ಈಗ ನಿಮಗೆ. "ಹಣಿ ತೊಳಕೊಂಡು ಬಾ ಅನ್ನು" ಎಂದು ಹೇಳಿದ್ದಾರೆ.

ಬೇಗ ಉತ್ತರ ಬರೆಯಿರಿ.

ರಾಜಶ್ರೀ

*

ಗುಡ್ಡದ ಬುಡದ ಕ್ಯಾಂಪ್
೨೦ ಸೆಪ್ಟೆಂಬರ್ ೨೦೨೪

ನಮ್ಮನಿ ಸರ್ಕಾರಕ್ಕೆ ದುಂಡೇಶನ ಜೈ ಹಿಂದ್.

ನಿನ್ನ ಕಾಗದವನ್ನು ಟ್ರಕ್ಕಿನಲ್ಲಿ ಕೂತು ಓದಿದೆ. ಪಕ್ಕದಲ್ಲಿದ್ದ ಬಿಹಾರಿ "ಭಾಭಿ ನೇ ಕ್ಯಾ ಲಿಖಾ?" ಎಂದು ಕೇಳಿದ. "ಚಾರ್ಜ್‌ಶೀಟ್" ಎಂದೆ. ನೀನು ಹೇಳಿದ್ದು ಖರೇ ಐತಿ, ಹೋದ ರಜೆ ಊರಿನ ಪಾಲಾಯಿತು. ಈ ಸಲ ನಾಲ್ಕಲ್ಲ, ಹತ್ತು ದಿನ ನಿನ್ನವು. ಆದರೆ ಊರಲ್ಲಿ ಕೂತು ಮಾಡುವುದೇನು? ಕಾಡು, ಹೊಳಿ, ಮಂಗ್ಯಾ. ಬಿಟ್ಟರೆ ಮತ್ತೆ ಕಾಡು, ಹೊಳಿ, ಮಂಗ್ಯಾ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ನನ್ನ ಪ್ಲ್ಯಾನ್ ಕೇಳು. ಆಗ್ರಾ, ಜೈಪುರ. ಟೂರಿನವರದೇ ಬಸ್ಸು, ಅವರದೇ ಊಟ. ಕಿಟಕಿ ಪಕ್ಕ ನೀನು, ನಿನ್ನ ಮಗ್ಗುಲಲ್ಲಿ ಕೂಸು. ಯಾವನೋ ಬೇರೆಯವ ಗಾಡಿ ಹೊಡೆಯುತ್ತಾನೆ, ನಾನು ರಾಜನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂಡುತ್ತೇನೆ. ನಮ್ಮ ಓಣಿಯಲ್ಲಿ ಯಾವ ಹೆಂಗಸು ಜೈಪುರ ನೋಡಿದ್ದಾಳೆ ಹೇಳು. ನೀನು ತಿರುಗಿ ಬಂದು ಬಾವಿಕಟ್ಟೆಯಲ್ಲಿ ನಿಂತು ಮಾತಾಡಿದರೆ ಎಲ್ಲರೂ ಕೊಡ ಕೆಳಗಿಟ್ಟು ಕೇಳಬೇಕು. ಈ ಗಂಡನ ಹೆಂಡತಿಗೆ ಅಷ್ಟಾದರೂ ಬೇಡವೇ?

ವ್ಯಾನಿನ ತಾಡಪತ್ರಿ ಬಿಚ್ಚಬೇಡ. ಬ್ಯಾಟರಿ ಇಳಿದಿರಬೇಕು, ನಾನು ಬಂದು ನೋಡುತ್ತೇನೆ. ಕೋಳಿ ಅದರೊಳಗೇ ಮೊಟ್ಟೆ ಇಡುತ್ತಿದ್ದರೆ ಸೀಟು ಕೆರೆಯದಂತೆ ಚೀಲ ಹಾಸು. ನೀನಂತೂ ಗೇರ್ ಮುಟ್ಟಬೇಡ ತಾಯಿ. ಹೋದ ಸಲ ನೀನು ಹಾಕಿದ ಒಂದು ಗೇರಿಗೆ ಅದು ಒದರಿದ್ದು ದಾಂಡೇಲಿಗೆ ಕೇಳಿತ್ತು.

ನಾಳೆಯಿಂದ ಮೇಲಿನ ಘಾಟಿಗೆ ಸಾಮಾನು ಸಾಗಿಸುವ ಡ್ಯೂಟಿ. ಫೋನ್ ಹತ್ತುವುದಿಲ್ಲ. ಅವ್ವನಿಗೆ ಹೇಳು.

ದುಂಡೇಶ

*

ಹಳಿಯಾಳ
೧೩ ಅಕ್ಟೋಬರ್ ೨೦೨೪

ಪೂರ್ಣಿಮಾಳ ಅಪ್ಪಾಜಿಗೆ ಶರಣು. ಬನ್ನಿ ಬಂಗಾರ ಆಗಲಿ.

ನಿನ್ನೆ ಎಲ್ಲರಿಗೂ ಬನ್ನಿ ಕೊಟ್ಟೆವು. ನಿಮ್ಮ ಪಾಲಿನ ಎರಡು ಎಲೆ ಈ ಕಾಗದದೊಳಗಿವೆ. ಮೂರು ವಾರದಿಂದ ನಿಮ್ಮ ದನಿ ಇಲ್ಲ. ಮೇಲೆ ಫೋನ್ ಹತ್ತುವುದಿಲ್ಲ ಎಂದಿದ್ದಿರಿ, ನಾನು ಹಾಗೆಯೇ ಅತ್ತೆಗೆ ಹೇಳುತ್ತಿದ್ದೇನೆ. ಆದರೂ ಭಾನುವಾರ ಅವರು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಕೂಡುತ್ತಾರೆ.

ಈಗ ಜೈಪುರದ ಮಾತು. ನೀವು ಬರೆದದ್ದು ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಕಾಡು, ಹೊಳಿ, ಮಂಗ್ಯಾ ಅಷ್ಟೇ ಏನು ನಮ್ಮ ಊರು? ನೀವು ದೇಶ ಕಾಯುತ್ತೀರಿ ಎಂದು ನಾನು ಎಲ್ಲರ ಮುಂದೆ ಎದೆ ಉಬ್ಬಿಸಿ ಹೇಳುತ್ತೇನೆ. ನೀವು ಕಾಯುವ ದೇಶದಲ್ಲಿ ನಮ್ಮ ಜೊಯಿಡಾ ಇಲ್ಲವೇ? ಮುಂಡಗೋಡದ ಅತ್ತಿವೇರಿ ಇಲ್ಲವೇ? ಯಾವ ಯಾವ ದೇಶದ ಹಕ್ಕಿಗಳೋ ಚಳಿಗಾಲಕ್ಕೆ ನಮ್ಮ ಅತ್ತಿವೇರಿ ಕೆರೆ ಹುಡುಕಿಕೊಂಡು ಬರುತ್ತವೆ. ಹಕ್ಕಿಗೆ ಗೊತ್ತಿರುವುದು ಹಳಿಯಾಳದ ಸೊಸೆಗೆ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿದವರು ಹಿತ್ತಲಿಗೆ ಹೋಗಿರಲಿಕ್ಕಿಲ್ಲ.

ನಾನು ಎಲ್ಲ ಗೊತ್ತು ಮಾಡಿದ್ದೇನೆ. ಮೊದಲ ದಿನ ಉಳವಿ. ಆ ರಾತ್ರಿ ಜೊಯಿಡಾ ದಾರಿಯ ತುಳಸಾಳ ಮನೆಯಲ್ಲಿ ಉಳಿಯುವುದು. ತುಳಸಾ ನಮ್ಮ ಒಕ್ಕೂಟದವಳು, ಸಿದ್ದಿಯರ ಹೆಣ್ಣುಮಗಳು, ಕಾಡಿನ ಅಂಚಿಗೆ ಎರಡು ಕೋಣೆ ಕಟ್ಟಿ ಪ್ರವಾಸಿಗಳನ್ನು ಇಟ್ಟುಕೊಳ್ಳುತ್ತಾಳೆ. "ನೀವು ಗಿರಾಕಿ ಅಲ್ಲ, ಬೀಗರು. ಹಾಸಿಗಿ ತರಬ್ಯಾಡ್ರಿ, ಹಸಿವು ತರ್ರಿ" ಎಂದಿದ್ದಾಳೆ. ಎರಡನೆಯ ದಿನ ಕಾಳಿ ಹೊಳೆಯ ದಂಡೆ, ಮೂರನೆಯ ದಿನ ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ. ಕಡೆಯ ದಿನ ಅತ್ತಿವೇರಿ, ಬರುವಾಗ ಟಿಬೆಟಿಯನ್ ಕಾಲೋನಿಯಲ್ಲಿ ಕೂಸಿಗೆ ಮೋಮೋ. ಗೂಳಪ್ಪಣ್ಣ ಕೇಳಿದರೆ "ಅವರು ಟೂರಿಗೆ ಹೋಗ್ಯಾರ" ಎನ್ನಲು ಅತ್ತೆ ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದಾರೆ. ತಾವೂ ನಮ್ಮ ಜೊತೆ ಬರುವವರು ಎಂಬುದನ್ನೇ ಮರೆತಿದ್ದಾರೆ.

ತಾಡಪತ್ರಿಯ ವಿಚಾರ ಬಿಡಿ. ಕೋಳಿಗೆ ಬೇರೆ ಗೂಡು ಮಾಡಿದ್ದೇನೆ. ಆಯುಧಪೂಜೆಗೆ ವ್ಯಾನು ತೊಳೆದು ಚೆಂಡುಹೂ ಹಾಕಿದೆವು. ನಬಿಸಾಬ ಕಾಕಾ ಬಂದು ಎಂಜಿನ್ ನೋಡಿ "ಹುಲಿ ಹಂಗ ಐತಿ" ಎಂದು ಹೇಳಿದರು. ಬ್ಯಾಟರಿ ಹೇಗೆ ಇಳಿಯಲಿಲ್ಲ ಎಂದು ಕೇಳಬೇಡಿ.

ಆಗ್ರಾ ಎಲ್ಲಿಯೂ ಓಡಿಹೋಗುವುದಿಲ್ಲ. ಕೂಸಿನ ಈ ವಯಸ್ಸು ಓಡುತ್ತಿದೆ. ಹೂಂ ಎಂದು ಬರೆಯಿರಿ.

ರಾಜಶ್ರೀ

*

೯ ನವೆಂಬರ್ ೨೦೨೪

ರಾಜಿ,

ನಿನ್ನ ಕಾಗದ, ಬನ್ನಿ ಎಲೆ ಮುಟ್ಟಿದವು. ಇಲ್ಲಿ ಕೆಲಸ ಜಾಸ್ತಿ, ಅದಕ್ಕೆ ತಡವಾಯಿತು. ನನ್ನ ಆರೋಗ್ಯ ಚೆನ್ನಾಗಿದೆ.

ಆಗಲಿ, ನೀನು ಹೇಳಿದಂತೆಯೇ ಆಗಲಿ. ಜೈಪುರ ಬೇಡ. ಊರೇ ಇರಲಿ. ಎರಡು ಮಾತು ಮಾತ್ರ ನಡೆಸಿಕೊಡು.

ನಾನು ಗಾಡಿ ಹೊಡೆಯುವುದಿಲ್ಲ. ಯಾರಾದರೂ ಡ್ರೈವರನ್ನು ಗೊತ್ತು ಮಾಡು.

ಹೊರಡುವಾಗ ವಿಭೂತಿ ಹಚ್ಚುವ ಶಾಸ್ತ್ರ ಈ ಸಲ ಬೇಡ ಎಂದು ಅವ್ವನಿಗೆ ಹೇಳು. ಯಾಕೆ ಎಂದು ಕೇಳಬೇಡ ಅನ್ನು.

ಕೂಸಿಗೆ ನನ್ನ ಮುದ್ದು.

ದುಂಡೇಶ

*

ಹಳಿಯಾಳ
೧೭ ನವೆಂಬರ್ ೨೦೨೪

ದುಂಡೇಶ ಅವರಿಗೆ,

ಈ ಸಲ ಶರಣು ಗಿರಣು ಇಲ್ಲ.

ಕಾಗದದ ಮೇಲೆ ಊರಿನ ಹೆಸರು ಬರೆದಿರಲಿಲ್ಲ. ಆದರೆ ಪೋಸ್ಟಿನವರು ಮುದ್ರೆ ಒತ್ತುತ್ತಾರಲ್ಲ, ಅದನ್ನು ಮರೆತಿರಿ. ಯಾವಾಗಲೂ ನಿಮ್ಮ ಕಾಗದದ ಮೇಲೆ ಮಿಲಿಟರಿ ಅಂಚೆಯ ಮುದ್ರೆ ಇರುತ್ತದೆ. ಈ ಸಲ ಚಂಡೀಗಢ ಎಂದಿದೆ. ಪೂರ್ಣಿಮಾ ಶಾಲೆಯ ನಕಾಶೆ ತಂದು ಬೆರಳಿಟ್ಟು ತೋರಿಸಿದಳು: "ಅವ್ವಾ, ಅಪ್ಪಾಜಿ ಗುಡ್ಡ ಇಳದ ಬಂದಾರ!" ಎಂದು ಕುಣಿದಳು. ನಾನು ಕುಣಿಯಲಿಲ್ಲ. ಗುಡ್ಡ ಇಳಿದವರಿಗೆ ಮನೆಗೆ ಒಂದು ಫೋನ್ ಮಾಡಲು ಏನು ಧಾಡಿ? ಚಂಡೀಗಢದಲ್ಲಿ ಟವರ್ ಇಲ್ಲವೇ?

ನಾನು ಏನೇನು ಯೋಚನೆ ಮಾಡಿದೆ ಎಂದು ಹೇಳಿದರೆ ನಿಮಗೆ ನಾಚಿಕೆಯಾಗಬೇಕು. ಗೆಳೆಯರ ಜೊತೆ ಜೈಪುರ ಆಗ್ರಾ ತಿರುಗುತ್ತಿದ್ದಾರೆ ಎಂದುಕೊಂಡೆ. ನಮ್ಮ ಊರು, ನಮ್ಮ ಗಾಡಿ, ಅತ್ತೆಯ ಕೈಯ ವಿಭೂತಿ ಎಲ್ಲ ಈಗ ಗೊಡ್ಡಾಗಿ ಕಾಣುತ್ತಿರಬೇಕು ಎಂದುಕೊಂಡೆ. ಗಾಡಿ ಹೊಡೆಯುವುದಿಲ್ಲವಂತೆ! ಪರರ ಬಾಣಂತಿಗೆ ಹೊಡೆಯುವವರು, ಪರರ ನಿಶ್ಚಯಕ್ಕೆ ಹೊಡೆಯುವವರು, ಸ್ವಂತ ಹೆಂಡತಿಗೆ ಮಾತ್ರ ಬಾಡಿಗೆ ಡ್ರೈವರನ್ನು ನೋಡು ಎನ್ನುತ್ತಾರೆ. ಅತ್ತೆಗೆ ವಿಭೂತಿಯ ಮಾತು ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಗಂಡಸಾದರೆ ನೀವೇ ಬಂದು ಅವರ ಮುಖ ನೋಡಿ ಹೇಳಿ.

ಡ್ರೈವರ್ ಬೇಕಂದಿರಿ, ಗೊತ್ತು ಮಾಡಿದ್ದೇನೆ. ಹಳಿಯಾಳದವರೇ. ಕುಡಿಯುವುದಿಲ್ಲ, ಗುಟ್ಕಾ ಉಗುಳುವುದಿಲ್ಲ, ದಾಂಡೇಲಿ ದಾರಿಯ ಒಂದೊಂದು ಹೊಂಡವೂ ಗೊತ್ತು. ಬಾಡಿಗೆ ವಿಷಯ ಬಂದಮೇಲೆ ಮಾತಾಡುತ್ತಾರಂತೆ.

ನಿಜ ಬರೆಯುವುದಿದ್ದರೆ ಬರೆಯಿರಿ. ಇಲ್ಲದಿದ್ದರೆ ಬರೆಯಬೇಡಿ.

ರಾಜಶ್ರೀ

*

ಚಂಡೀಗಢ
೨೬ ನವೆಂಬರ್ ೨೦೨೪

ರಾಜಿ,

ಬೈದದ್ದು ಒಳ್ಳೆಯದಾಯಿತು. ಎರಡು ತಿಂಗಳಿಂದ ಇಲ್ಲಿ ಎಲ್ಲರೂ ಮೆತ್ತಗೆ ಮಾತಾಡಿ ನನಗೆ ಬೇಸರ ಹತ್ತಿತ್ತು. ನಿನ್ನ ಕಾಗದ ಓದಿ ಮನೆಗೆ ಬಂದ ಹಾಗಾಯಿತು.

ನಾನು ಆಸ್ಪತ್ರೆಯಲ್ಲಿದ್ದೇನೆ. ಹೆದರಬೇಡ, ಇದನ್ನು ನಾನೇ ಕೂತು ಬರೆಯುತ್ತಿದ್ದೇನೆ. ಅಕ್ಟೋಬರ್ ಮೊದಲ ವಾರ ಘಾಟಿಯಲ್ಲಿ ನಾವು ಎಣಿಸದ ಹಿಮ ಬಿತ್ತು. ನನ್ನ ಗಾಡಿ ಮುಂದೆ ಇತ್ತು, ಹಿಂದೆ ಸಾಲು. ಮೇಲಿನ ಪೋಸ್ಟಿನ ಹುಡುಗರಿಗೆ ಒಲೆಯ ಎಣ್ಣೆ ಅದರಲ್ಲೇ ಇತ್ತು. ಇಳಿದು ಚಕ್ರಗಳಿಗೆ ಸರಪಳಿ ಕಟ್ಟಿದೆ. ಹಿಂದಿನವರಿಗೂ ಕಟ್ಟಿಸಿದೆ. ಎಡ ಬೂಟಿನೊಳಗೆ ನೀರು ಹೋದದ್ದು ಗೊತ್ತಾಗಲಿಲ್ಲ. ಗೊತ್ತಾದಾಗ ಬಿಚ್ಚುವ ಜಾಗ ಅದಲ್ಲ. ಗಾಡಿಗಳೆಲ್ಲ ಪೋಸ್ಟ್ ಮುಟ್ಟಿದವು ರಾಜಿ. ಒಂದೂ ಹಿಂದೆ ಉಳಿಯಲಿಲ್ಲ. ಈ ಮಾತು ಬರೆಯುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಬೂಟು ಬಿಚ್ಚಿದಾಗ ಎರಡು ಬೆರಳು ಸತ್ತುಹೋಗಿದ್ದವು. ಕರ್ರಗಾದವು. ದೀಪಾವಳಿ ಮುಗಿದ ಮೇಲೆ ತೆಗೆದರು. ಗಾಯ ಮಾಯುತ್ತಿದೆ, ಕೋಲು ಹಿಡಿದು ನಡೆಯುತ್ತೇನೆ. ರಜೆಯ ಹೊತ್ತಿಗೆ ಕೋಲೂ ಬೇಡ ಎಂದಿದ್ದಾರೆ. ಆದರೆ ಸದ್ಯಕ್ಕೆ ಗಾಡಿ ಮುಟ್ಟುವಂತಿಲ್ಲ. ಮುಂದೆ ಡ್ರೈವರ್ ಆಗಿ ಇರುತ್ತೇನೋ ಇಲ್ಲವೋ ಡಾಕ್ಟರುಗಳ ಬೋರ್ಡು ಹೇಳಬೇಕು. ಹೋದದ್ದು ಎಡಗಾಲಿನ ಬೆರಳು. ಕ್ಲಚ್ ಒತ್ತುವ ಕಾಲು.

ನೀನು ಮುದ್ರೆ ನೋಡಿದ ಆ ಕಾಗದವನ್ನು ಪಕ್ಕದ ಹಾಸಿಗೆಯವನನ್ನು ನೋಡಲು ಬಂದವರ ಕೈಯಲ್ಲಿ ಕೊಟ್ಟೆ. ಅವರು ಹೊರಗಿನ ಅಂಚೆ ಡಬ್ಬಿಗೆ ಹಾಕಿದರು. ದೊಡ್ಡ ಬುದ್ಧಿವಂತ ನಾನು.

ಯಾಕೆ ಹೇಳಲಿಲ್ಲ ಎಂದರೆ, ಹಳಿಯಾಳ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಜನ "ಏ, ಡ್ರೈವರ್ ಸಾಹೇಬ್ರು ಬಂದ್ರು" ಅನ್ನುತ್ತಾರಲ್ಲ, ಅದು ನನಗೆ ಪದಕ ಇದ್ದ ಹಾಗೆ. ಅವ್ವ ಎಲ್ಲರ ಎದುರಿಗೆ ವಿಭೂತಿ ಬಟ್ಟಲು ಹಿಡಿದು ನನ್ನ ಹತ್ತಿರ ಬಂದರೆ ನಾನು ಏನನ್ನಲಿ? ಅಜ್ಜ, ಅಪ್ಪ, ಆಮೇಲೆ ನಾನು, ನನ್ನ ಹತ್ತಿರ ಬಂದು ನಿಂತುಹೋಯಿತು ಅನ್ನಲೇ? ಗುಡ್ಡದ ಮೇಲೆ ನನಗೆ ಹೆದರಿಕೆ ಆಗಲಿಲ್ಲ. ಆ ಬಟ್ಟಲು ನೆನೆದರೆ ಆಗುತ್ತದೆ.

ಅವ್ವನಿಗೆ ಹೇಳಬೇಡ. ಬರುವುದೇ ಬೇಡ ಎಂದೂ ಒಮ್ಮೆ ಅನಿಸಿತು. ಆಮೇಲೆ ಕೂಸು ನಕಾಶೆಯ ಮೇಲೆ ಬೆರಳಿಟ್ಟದ್ದನ್ನು ಓದಿದೆ. ಬರುತ್ತೇನೆ.

ದುಂಡೇಶ

*

ಹಳಿಯಾಳ
೪ ಡಿಸೆಂಬರ್ ೨೦೨೪

ಪೂರ್ಣಿಮಾಳ ಅಪ್ಪಾಜಿಗೆ ಸಾವಿರ ಶರಣು.

ಕಾಗದ ಓದಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಎರಡು ಬೆರಳಿಗಾಗಿ ನನ್ನನ್ನು ಎರಡು ತಿಂಗಳು ಹೊರಗಿನವಳನ್ನಾಗಿ ಮಾಡಿದಿರಿ. ನಿಮ್ಮ ಕಾಲಿಗೆ ಬೆಚ್ಚಗೆ ಎಣ್ಣೆ ತಿಕ್ಕುವ ಕೈ ಇಲ್ಲಿತ್ತು, ನೀವು ಅಲ್ಲಿ ಗೋಡೆ ನೋಡುತ್ತಾ ಮಲಗಿದ್ದಿರಿ. ಇದರ ಜಗಳ ಬಾಕಿ ಇದೆ, ಬಂದ ಮೇಲೆ ಆಡುತ್ತೇನೆ.

ಅತ್ತೆಗೆ ಹೇಳಬೇಡ ಎಂದಿದ್ದಿರಿ. ಹೇಳಿದೆ. ಅವರಿಂದ ಮುಚ್ಚಿಡಲು ನನ್ನ ಮುಖ ಬರುವುದಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಮೇಲೆ, "ಎಲ್ಲಾ ಗಾಡಿ ಮುಟ್ಟಿದ್ವೇನಂತ?" ಎಂದು ಕೇಳಿದರು. ಮುಟ್ಟಿದವಂತೆ ಎಂದೆ. "ಹಂಗಾರ ನಮ್ಮ ಮನಿತನದಂವ ಖರೇ" ಎಂದು ಹೇಳಿ ಕಣ್ಣೊರೆಸಿಕೊಂಡರು. ಅವತ್ತು ಸಂಜೆ ಓಣಿಯಲ್ಲಿ ಒಂದೊಂದು ಮನೆಯ ಮುಂದೆಯೂ ನಿಂತು ಸರಪಳಿ ಕಟ್ಟಿದ ಕಥೆ ಹೇಳಿದರು. ಬೆರಳಿನ ಮಾತು ಕಡೆಗೆ, ಒಲೆಯ ಎಣ್ಣೆಯ ಮಾತು ಮೊದಲಿಗೆ. ನಿಮ್ಮ ಗುಟ್ಟು ಹೋಯಿತು. ನೀವು ನಾಚಿಕೊಂಡದ್ದನ್ನು ನಿಮ್ಮ ಅವ್ವ ಊರ ತುಂಬ ಹೆಮ್ಮೆಯಿಂದ ಸಾರುತ್ತಿದ್ದಾರೆ.

ಈಗ ನನ್ನದೊಂದು ಗುಟ್ಟು. ನಾನು ಗೊತ್ತು ಮಾಡಿದ ಡ್ರೈವರ್ ನಾನೇ.

ಜೂನಿನಲ್ಲಿ ಒಂದು ದಿನ ಮಳೆ ಹಿಡಿದು ದಾಂಡೇಲಿಯ ಬಸ್ಸು ಬರಲೇ ಇಲ್ಲ. ಬಡಿದ ರೊಟ್ಟಿಯೆಲ್ಲ ಬುಟ್ಟಿಯಲ್ಲೇ ಮೆತ್ತಗಾಯಿತು. ಹೆಂಗಸರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ನಮ್ಮ ಮನೆಯ ಮುಂದೆ ಗಾಡಿ ಇದೆ, ಅದರಲ್ಲಿ ಕೋಳಿ ಕೂತಿದೆ! ಅವತ್ತೇ ತಾಡಪತ್ರಿ ಕಿತ್ತೆ. ನಬಿಸಾಬ ಕಾಕಾ ರಿಟೈರಾಗುವ ತನಕ ಬಸ್ಸು ಹೊಡೆದವರು. ಅವರ ಮನೆಗೆ ಹೋಗಿ, "ಕಾಕಾ, ಕಲಿಸ್ರಿ" ಎಂದೆ. "ಬೈತೇನಿ ನೋಡವ್ವಾ, ತಡಕೋತೀಯೇನ?" ಎಂದು ಹೇಳಿದರು. ನಿಮ್ಮ ಮನೆಗೆ ಸೊಸೆಯಾಗಿ ಬಂದವಳಿಗೆ ಬೈಗುಳದ ಹೆದರಿಕೆಯೇ? ಲೈಸೆನ್ಸ್ ಬಂದಿದೆ. ಈಗ ವಾರಕ್ಕೆ ಎರಡು ಸಲ ದಾಂಡೇಲಿಗೆ ನಾನೇ ಹೊಡೆಯುತ್ತೇನೆ. ಆದರೆ ರೊಟ್ಟಿ ಇಳಿಸಿ, ಕೂಸು ಶಾಲೆಯಿಂದ ಬರುವುದರೊಳಗೆ ತಿರುಗಿ ಬರಬೇಕು. ಹೊಳೆಯ ಪಕ್ಕದಲ್ಲೇ ಹೋಗುತ್ತೇನೆ, ಇಳಿಯುವುದಿಲ್ಲ. ಆಸೆ ಹುಟ್ಟಿದ್ದು ಅಲ್ಲಿ.

ನಿಮಗೆ ಯಾಕೆ ಹೇಳಲಿಲ್ಲ? ಸ್ಟ್ಯಾಂಡಿಗೆ ನಾನೇ ವ್ಯಾನು ತಂದು ನಿಲ್ಲಿಸಿ, ನಿಮ್ಮ ಬಾಯಿ ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಬೇಕೆಂದಿದ್ದೆ. ಅತ್ತೆಗೆ, ಕೂಸಿಗೆ, ಇಡೀ ಓಣಿಗೆ ಬಾಯಿ ಬಿಡಬೇಡಿ ಎಂದು ಆಣೆ ಹಾಕಿಸಿದ್ದೆ. ನಾನು ಹಾಕಿದ ಗೇರು ದಾಂಡೇಲಿಗೆ ಕೇಳಿತ್ತು ಎಂದಿರಲ್ಲ, ಈಗ ಗೇರು ಹಾಕಿಯೇ ದಾಂಡೇಲಿಗೆ ಹೋಗುತ್ತೇನೆ. ಕ್ಲಚ್ಚು ನಾನು ಒತ್ತುತ್ತೇನೆ. ನೀವು ರಾಜನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂಡಿ. ಜೈಪುರದ ಬಸ್ಸಿನಲ್ಲಿ ಹೇಗೆ ಕೂಡುವವರಿದ್ದಿರೋ ಹಾಗೆ.

ಒಂದೇ ಒಂದು ಅಳುಕು ನನಗೂ ಇದೆ. ರೊಟ್ಟಿ ಒಯ್ಯುವುದು ಬೇರೆ, ಉಳವಿಗೆ ಹೊಡೆಯುವುದು ಬೇರೆ. ಈ ಮನೆಯಲ್ಲಿ ಆ ವಿಭೂತಿ ಇಲ್ಲಿಯ ತನಕ ಹೆಂಗಸಿನ ಹಣೆಗೆ ಮೊದಲು ಬಿದ್ದಿಲ್ಲ. ಅತ್ತೆಯನ್ನು ನಾನು ಕೇಳಿಲ್ಲ. ಅವರೂ ಬಾಯಿ ಬಿಟ್ಟಿಲ್ಲ. ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಾರೆ. ಹಚ್ಚುವ ಕೈ ಅವರದು. ನಿಮಗೇ ಹಚ್ಚಿದರೂ ನಾನು ಸ್ಟೇರಿಂಗ್ ಬಿಡುವುದಿಲ್ಲ. ಆದರೆ ನನಗೆ ಹಚ್ಚಿದರೆ ನಿಮಗೆ ನೋವಾಗುತ್ತದೆಯೇ? ಅದೊಂದನ್ನು ಯೋಚಿಸಿ ಬನ್ನಿ.

ಬನ್ನಿ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬನ್ನಿ.

ನಿಮ್ಮ ರಾಜಿ

*

ಡಿಪೋ
೧೨ ಜನವರಿ ೨೦೨೫

ನಮ್ಮನಿ ಸರ್ಕಾರಕ್ಕೆ, ನಮ್ಮನಿ ಡ್ರೈವರ್ ಸಾಹೇಬರಿಗೆ ಜೈ ಹಿಂದ್.

ಸುಖವಾಗಿ ಮುಟ್ಟಿದ್ದೇನೆ. ಸದ್ಯಕ್ಕೆ ಇಲ್ಲಿ ಸ್ಟೋರಿನ ಕೆಲಸ. ಬೋರ್ಡು ಇನ್ನೂ ಏನೂ ಹೇಳಿಲ್ಲ. ನೀನು ಕಟ್ಟಿಕೊಟ್ಟ ಕರದಂಟು ರೈಲಿನಲ್ಲೇ ಮುಗಿಯಿತು.

ಎಲ್ಲ ನಿನಗೆ ಗೊತ್ತಿರುವುದೇ, ಮತ್ತೆ ಯಾಕೆ ಬರೆಯುತ್ತೀರಿ ಎನ್ನಬೇಡ. ನೀನು ದಾರಿ ನೋಡುತ್ತಿದ್ದೆ. ಎಡ ಸೀಟಿನಿಂದ ಏನು ಕಂಡಿತು ಎಂದು ನಿನಗೆ ಗೊತ್ತಿಲ್ಲ.

ಹೊರಡುವ ದಿನ ಬೆಳಿಗ್ಗೆ ಅರ್ಧ ಓಣಿ ನಮ್ಮ ಅಂಗಳದಲ್ಲಿತ್ತು. ಗೂಳಪ್ಪಣ್ಣ "ಏ ದುಂಡೇಶ, ಬಾಜೂಕ ಯಾಕ ನಿಂತಿ, ಹತ್ತು" ಎಂದು ಹೇಳಿದ. ನಾನು ವ್ಯಾನಿನ ಎಡಗಡೆ ಬಾಗಿಲು ಹಿಡಿದು ಬೂಟು ನೋಡುತ್ತಾ ನಿಂತಿದ್ದೆ. ಅವ್ವ ಬಟ್ಟಲು ಹಿಡಿದು ಬಂದಳು. ಗಾಡಿಯ ಹಣೆಗೆ ಹಚ್ಚಿದಳು. ಆಮೇಲೆ ನನ್ನ ಕಡೆಗೇ ಬಂದಳು ರಾಜಿ. ನೀನು ಆ ಕಡೆ ಕೀಲಿ ಹಿಡಿದು ಆಕಾಶ ನೋಡುತ್ತಿದ್ದೆ, ನನಗೆ ಕಾಣುತ್ತಿತ್ತು. ಅವ್ವ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಖಾಲಿ ಕೈಯಿಂದ ನನ್ನ ಗಲ್ಲ ಸವರಿದಳು. "ನೀ ಗುಡ್ಡದ ಮ್ಯಾಲೆ ಹೊಡದಿ, ನಮ್ಮಪ್ಪಾ. ಸಾಕು, ಈಗ ಕೂತ್ಕೋ" ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿದಳು. ಇದು ನಿನಗೆ ಕೇಳಿರಲಿಲ್ಲ, ಅಲ್ಲವೇ?

ಆಮೇಲೆ ಸುತ್ತು ಹಾಕಿ ನಿನ್ನ ಹತ್ತಿರ ಬಂದು "ಬಗ್ಗು" ಎಂದಳು. ಮೂರು ಬೆರಳಿನಿಂದ ನಿನ್ನ ಹಣೆಗೆ ಎಳೆದಳು. ಗೂಳಪ್ಪಣ್ಣ ಸುಮ್ಮನಿರುವವನೇ? ಅವ್ವನಿಗೆ "ಕಾಶೆವ್ವಾ, ಮೊದಲ ವಿಭೂತಿ ಹೊಡಿಯಾಂವಗ ಅಲ್ಲೇನ?" ಎಂದು ಕೇಳಿದ. ಅವ್ವ ತಿರುಗಿಯೂ ನೋಡಲಿಲ್ಲ. "ಹೊಡಿಯಾಕಿಗೇ ಹಚ್ಚೇನಲ್ಲೋ. ಕಣ್ಣ ಕಾಣೂದಿಲ್ಲೇನ ನಿನಗ?" ಎಂದಳು. ನಬಿಸಾಬ ಕಾಕಾ ಬಾಗಿಲಲ್ಲಿ ನಿಂತು ಟೋಪಿ ಸರಿಮಾಡಿಕೊಂಡರು, ತಾವೇ ಪಾಸಾದವರಂತೆ.

ನೋವಾಗುತ್ತದೆಯೇ ಎಂದು ಕೇಳಿದ್ದೆಯಲ್ಲ. ಉತ್ತರ ಹೇಳಲು ನಾಲ್ಕು ದಿನವೂ ಬಾಯಿ ಬರಲಿಲ್ಲ. ನಿನ್ನ ಹಣೆಗೆ ವಿಭೂತಿ ಬಿದ್ದಾಗ ಸ್ವಲ್ಪ ಆಯಿತು. ಸುಳ್ಳು ಯಾಕೆ ಹೇಳಲಿ. ಅದು ಹೋದದ್ದು ಜೊಯಿಡಾ ದಾಟಿ, ಉಳವಿ ದಾರಿಯ ಆ ಇಕ್ಕಟ್ಟು ತಿರುವಿನಲ್ಲಿ.

ಎದುರಿಗೆ ಪ್ರವಾಸಿಗಳ ದೊಡ್ಡ ಗಾಡಿ ಬಂತು. ಹಿಂದೆ ಸರಿಯಬೇಕಾದವರು ನಾವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೊಳ್ಳ. ಆ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ಬಾಜೂಕ ಅಣ್ಣಾರು ಕೂತಾರಲ್ಲ, ಅವರಿಗೆ ಕೊಡ್ರಿ, ರಿವರ್ಸ್ ತಗೋತಾರ" ಎಂದು ಹೇಳಿದ. ನನ್ನ ಕೈ ಬಾಗಿಲಿನ ಹಿಡಿಕೆಯ ಮೇಲಿತ್ತು. ನೀನು ನನ್ನ ಕಡೆ ನೋಡಲಿಲ್ಲ. ಹಿಂದಿನ ಕನ್ನಡಿ ನೋಡುತ್ತಿದ್ದೆ. ಎಡಗಾಲು ಬೂಟಿನೊಳಗೆ ತಾನಾಗಿಯೇ ಕ್ಲಚ್ ಒತ್ತಿತು, ಇಲ್ಲದ ಬೆರಳೂ ಒತ್ತಿದವು. ಇಳಿದುಬಿಡೋಣ ಅನಿಸಿತು. ಇಳಿದಿದ್ದರೆ ಆಗುತ್ತಿತ್ತೇನೋ, ಬಿದ್ದಿದ್ದರೂ ಬೀಳುತ್ತಿದ್ದೆನೇನೋ. ಆಗ ಹಿಂದಿನ ಸೀಟಿನಿಂದ ಕೂಸು ಕೂಗಿತು: "ಅಪ್ಪಾಜಿ, ಸುಮ್ಕ ಕೂಡ್ರಿ. ಅವ್ವ ಯಾವಾಗ್ಲೂ ತಗೋತಾಳ!"

ಹಿಡಿಕೆಯಿಂದ ಕೈ ತೆಗೆದೆ. ಕಿಟಕಿಯಿಂದ ತಲೆ ಹಾಕಿ, "ನಮ್ಮ ಡ್ರೈವರ್ ಇವರೇ ರೀ. ನೀವು ನಿಮ್ಮ ಗಾಡಿ ಗಟ್ಟಿಯಾಗಿ ಹಿಡ್ಕೋರಿ" ಎಂದೆ. ನೀನು ಆ ಮೇಲಿನ ಬಿದಿರುಮೆಳೆಯ ತನಕ ಒಂದೇ ಹದದಲ್ಲಿ ಹಿಂದೆ ಒಯ್ದೆ. ಗಾಡಿ ಒಮ್ಮೆಯೂ ಒದರಲಿಲ್ಲ. ಹನ್ನೆರಡು ವರ್ಷ ಗುಡ್ಡದಲ್ಲಿ ಗಾಡಿ ಹೊಡೆದವನು ಹೇಳುತ್ತಿದ್ದೇನೆ, ಅದಕ್ಕಿಂತ ಚಲೋ ನನ್ನ ಕೈಲೂ ಆಗುತ್ತಿರಲಿಲ್ಲ. ಆ ಡ್ರೈವರ್ ದಾಟುವಾಗ ನಿನಗೆ ಕೈ ಮುಗಿದು ಹೋದ. ನಾನು ಆ ಕಡೆ ಮುಖ ತಿರುಗಿಸಿ ಕಾಡು ನೋಡಿದೆ. ಕಣ್ಣು ತುಂಬಿ ಕಾಡು ಸರಿಯಾಗಿ ಕಾಣಲಿಲ್ಲ. ಅಷ್ಟು ಹೆಮ್ಮೆ ನನಗೆ ಯೂನಿಫಾರ್ಮು ಹಾಕಿದ ಮೊದಲ ದಿನವೂ ಆಗಿರಲಿಲ್ಲ.

ತುಳಸಾ ಬಾಗಿಲಲ್ಲಿ ನಿಂತು ತಮ್ಮ ಕೊಂಕಣಿಯಲ್ಲಿ "ಯೋ ಗೋ ರಾಜಶ್ರೀ", ಬಾರೇ, ಎಂದು ಕರೆದದ್ದು ನಿನ್ನನ್ನು, ನನ್ನನ್ನಲ್ಲ. ಬಿಸಿ ಅನ್ನ, ಗೆಡ್ಡೆಯ ಪಲ್ಯ ಮೊದಲು ಬಡಿಸಿದ್ದೂ ನಿನಗೇ. "ಅಣ್ಣಾ, ಇಲ್ಲಿ ಗಾಡಿ ತಂದವರಿಗೆ ಮೊದಲು" ಎಂದು ನಕ್ಕಳು. ಎಲ್ಲ ಕಡೆಯೂ ನನಗೆ ಎರಡನೆಯ ನಂಬರು. ಅದರಲ್ಲೂ ಒಂದು ಸುಖ ಇದೆ ರಾಜಿ, ಅನ್ನ ಅಷ್ಟರಲ್ಲಿ ಸ್ವಲ್ಪ ಆರಿರುತ್ತದೆ.

ಹೊಳೆಯ ದಂಡೆಯಲ್ಲಿ ನೀವೆಲ್ಲ ನೀರಿಗೆ ಕಾಲು ಇಳಿಬಿಟ್ಟಿರಿ. ನಾನು ಕಾಲುಚೀಲ ಬಿಚ್ಚಲು ಒಲ್ಲೆ ಎಂದೆ. ಕೂಸೇ ಬಂದು ಎಳೆದು ಬಿಚ್ಚಿತು. ನೋಡಿತು, ಮುಟ್ಟಿತು. "ಅಪ್ಪಾಜಿ, ಉಳಿದ ಎಂಟು ಬೆರಳಿಗರ ಹೊಳಿ ತೋರಸ್ರಿ" ಎಂದು ಕಾಲನ್ನು ನೀರಿನೊಳಗೆ ಇಟ್ಟಿತು. ನೀನು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟೆ. ಆ ನೀರು, ಆ ರೊಟ್ಟಿ. ಪುಣೆಯವರು ಸುಳ್ಳು ಹೇಳಿಲ್ಲ. ಅತ್ತಿವೇರಿಯಲ್ಲಿ ಅವ್ವ ಹಕ್ಕಿ ನೋಡಿ "ಇಷ್ಟು ದೂರದಿಂದ ಬರ್ತಾವಂತ, ನಾವು ಇಲ್ಲೇ ಇದ್ದು ಬಂದಿಲ್ಲ" ಎಂದು ತನ್ನನ್ನೇ ಬೈದುಕೊಂಡಳು. ಕಾಡು, ಹೊಳಿ, ಮಂಗ್ಯಾ ಎಂದು ಬರೆದ ಕಾಗದವನ್ನು ಹರಿದು ಒಲೆಗೆ ಹಾಕು, ನಿನ್ನ ಕಾಲಿಗೆ ಬೀಳುತ್ತೇನೆ.

ಇಲ್ಲಿ ಎಲ್ಲರೂ ರಜೆ ಹೇಗಾಯಿತು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಒಬ್ಬ ಗೋವಾ ನೋಡಿ ಬಂದಿದ್ದಾನೆ, ಒಬ್ಬ ಮಸ್ಸೂರಿ. ನಾನು ನಮ್ಮ ಊರು ನೋಡಿ ಬಂದೆ ಎಂದೆ. ನಕ್ಕರು. ಹೊರಡುವ ದಿನ ಪೂರ್ಣಿಮಾ ತೆಗೆದ ಫೋಟೋ ತೋರಿಸಿದೆ, ಸ್ಟೇರಿಂಗ್ ಹಿಂದೆ ನೀನು, ಹಣೆಯ ತುಂಬ ವಿಭೂತಿ. "ಯೇ ಕೌನ್?" ಎಂದು ಕೇಳಿದರು. ನಮ್ಮ ಮನೆತನದ ಡ್ರೈವರ್ ಎಂದೆ. ಆ ಬಿಹಾರಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಯಾರೂ ನಗಲಿಲ್ಲ.

ಬೋರ್ಡು ಏನು ಹೇಳುತ್ತದೋ ಗೊತ್ತಿಲ್ಲ. ಕಾಲು ಪೂರ್ತಿ ವಾಸಿಯಾಗಿ ಮತ್ತೆ ಟ್ರಕ್ಕು ಕೊಟ್ಟರೆ ಗುಡ್ಡದ ಮೇಲೆ ನಾನು ಹೊಡೆಯುತ್ತೇನೆ, ಕೊಡದಿದ್ದರೆ ಸ್ಟೋರಿನಲ್ಲೇ ಕೂಡುತ್ತೇನೆ. ಆದರೆ ಊರಿನಲ್ಲಿ ಎಡ ಸೀಟು ನನ್ನದು. ಅವ್ವನಿಗೆ ಹೇಳಿಬಿಡು, ಬಟ್ಟಲು ಹಿಡಿದು ಇನ್ನು ನನ್ನ ಕಡೆ ಬರುವ ಕೆಲಸವಿಲ್ಲ. ಮುಂದಿನ ರಜೆಗೂ ಮೊದಲು ಉಳವಿ, ಆಮೇಲೆ ನೀನು ಹೇಳಿದ ಕಡೆ. ಡ್ರೈವರ್ ಮಾತ್ರ ಬದಲಾಗಬಾರದು.

ಎಡ ಸೀಟಿನ
ದುಂಡೇಶ